ಹಣದ ಹೊಳೆ, ತಾಳ್ಮೆಯ ಬರ

ಕ್ರಿಕೆಟ್ಟಿನ ಹುಚ್ಚು ನನಗೂ ಉಂಟು. ಆದುದರಿಂದ ಈ ನಾಲ್ಕು ಮಾತುಗಳನ್ನು ಹಗೆಯಿಂದ ಬರೆದುದೆಂದು ವಾಚಕರು ಭಾವಿಸಬಾರದು.

೨೦೨೪ರ ಅಕ್ಟೋಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ನ್ಯೂಜಿಲೆಂಡಿನೆದುರು ಭಾರತ ತಂಡವು ಕೇವಲ ೪೬ ರನ್ನುಗಳಿಗೆ ಉರುಳಿತು. ಐವರು ಸೊನ್ನೆ ಸುತ್ತಿದರು. ಆ ಸರಣಿಯ ಮೂರು ಟೆಸ್ಟ್ ಪಂದ್ಯಗಳನ್ನೂ ನಾವು ಸೋತೆವು. ಇದೇ ಆಟದ ಐ.ಪಿ.ಎಲ್. ಪಂದ್ಯಗಳ ಐದು ವರ್ಷಗಳ ಪ್ರಸಾರದ ಹಕ್ಕು ೨೦೨೨ರಲ್ಲಿ ಮಾರಾಟವಾದುದು ೪೮,೩೯೦ ಕೋಟಿ ರೂಪಾಯಿಗಳಿಗೆ!

ಹಣವೇ ಆಟವನ್ನು ಕೆಡಿಸಿತೆಂದು ಹಿರಿಯರು ಹೇಳುವುದುಂಟು. ನಾನು ಅದನ್ನು ಪೂರ್ತಿಯಾಗಿ ಒಪ್ಪಲಾರೆ. ಹಿಂದೆ ಎಷ್ಟೋ ಬಡ ಹುಡುಗರು ಆಟವನ್ನು ಬಿಟ್ಟು ನೌಕರಿ ಹಿಡಿಯಬೇಕಾಗಿತ್ತು. ಇಂದು ಆಟವೇ ಹಲವರಿಗೆ ಅನ್ನ ಕೊಡುತ್ತಿದೆ. ೨೦೨೪ರ ಟಿ-ಟ್ವೆಂಟಿ ವಿಶ್ವಕಪ್ಪನ್ನು ಗೆದ್ದವರೂ ನಮ್ಮವರೇ. ಆದರೆ ಹಣವು ಮೂರು ಗಂಟೆಯ ಅಬ್ಬರಕ್ಕೆ ಬೆಲೆ ಕಟ್ಟುವಷ್ಟು, ದಿನವಿಡೀ ವಿಕೆಟ್ ಕಾಯುವ ತಾಳ್ಮೆಗೆ ಕಟ್ಟುವುದಿಲ್ಲ. ಬೆಲೆ ಬರುವ ಬೆಳೆಯನ್ನೇ ರೈತನು ಬಿತ್ತುತ್ತಾನಲ್ಲವೆ?

ಆ ಬೆಲೆ ಕೊಡುವವರು ಯಾರು? ನಾವೇ. ಐ.ಪಿ.ಎಲ್. ಟಿಕೆಟ್ಟಿಗಾಗಿ ಬಿಸಿಲಿನಲ್ಲಿ ಸಾಲುನಿಂತ ನಾನು, ಅದೇ ಊರಿನಲ್ಲಿ ನಡೆದ ರಣಜಿ ಪಂದ್ಯಕ್ಕೆ ಒಂದು ದಿನವೂ ಹೋಗಲಿಲ್ಲ. ತಾಳ್ಮೆಯ ಆಟವನ್ನು ನೋಡುವ ತಾಳ್ಮೆ ನನಗೇ ಇಲ್ಲದಿರುವಾಗ, ಅದನ್ನು ಆಟಗಾರನಲ್ಲಿ ಹುಡುಕುವುದು ಯಾವ ನ್ಯಾಯ?

ಸೋತವರನ್ನು ಬೈಯುವ ಮೊದಲು, ಗೆಳೆಯರೇ, ಮುಂದಿನ ರಣಜಿ ಪಂದ್ಯಕ್ಕೆ ನನ್ನೊಡನೆ ಬನ್ನಿ. ಬುತ್ತಿ ಕಟ್ಟಿಕೊಂಡೇ ಬನ್ನಿ. ಆಟ ಸಂಜೆಯವರೆಗೂ ಇರುತ್ತದೆ.