ಪರಿಚಯಪತ್ರವೂ ನಂಬಿಕೆಯ ಸರಪಳಿಯೂ

ನನ್ನ ತಂದೆಯವರು ಕೆಲಸ ಅರಸಿ ಮುಂಬಯಿಗೆ ಬಂದಾಗ ಅವರ ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆಗಳೊಡನೆ ಎರಡು ಪತ್ರಗಳಿದ್ದವು. ಹುಡುಗ ಪ್ರಾಮಾಣಿಕನೆಂದು ಊರಿನ ಮಾಸ್ತರರು ಬರೆದುದು ಒಂದು. ಮಾಸ್ತರರ ಮಾತನ್ನು ನಂಬಬಹುದೆಂದು ಉಡುಪಿಯ ವಕೀಲರೊಬ್ಬರು ಬರೆದುದು ಇನ್ನೊಂದು. ಮಾಟುಂಗದ ಹೋಟೆಲಿನ ಯಜಮಾನರಿಗೆ ಹುಡುಗನೂ ಅಪರಿಚಿತ, ಮಾಸ್ತರರೂ ಅಪರಿಚಿತರು. ಅವರು ಬಲ್ಲದ್ದು ವಕೀಲರನ್ನು ಮಾತ್ರ. ಆ ನಡುವಿನ ಪತ್ರ ರೈಲಿನಲ್ಲಿ ಕಳೆದುಹೋಗಿದ್ದರೆ ತಂದೆಯವರು ಮರುದಿನವೇ ಊರಿನ ಹಾದಿ ಹಿಡಿಯಬೇಕಾಗುತ್ತಿತ್ತು. ಹೊರನಾಡಿನಲ್ಲಿ ನೆಲೆ ಕಂಡ ನಮ್ಮ ಹಿರಿಯರಲ್ಲಿ ಅನೇಕರ ಕಥೆ ಇದೇ.

ಇದು ನೆನಪಾದದ್ದು ನಮ್ಮ ಸಂಘದ ಗಣಕಯಂತ್ರದ ದೆಸೆಯಿಂದ. ಸದಸ್ಯರ ಚಂದಾ ಹಣವನ್ನು ಪಾವತಿ ಸಂಸ್ಥೆಯೊಂದರ ಮೂಲಕ ಸ್ವೀಕರಿಸುವ ನಮ್ಮ ತಂತ್ರಾಂಶ ಒಂದು ದಿನ ಹಠಾತ್ತಾಗಿ ಮುಷ್ಕರ ಹೂಡಿತು. ಎದುರು ಪಕ್ಷದ ಪ್ರಮಾಣಪತ್ರವನ್ನು ಕೊಟ್ಟವರು ಯಾರೆಂದು ಪರಿಶೀಲಿಸಲಾಗುತ್ತಿಲ್ಲ ಎಂಬುದು ಅದರ ದೂರು. ವಿಚಿತ್ರವೆಂದರೆ, ಅದೇ ವಿಳಾಸ ಬ್ರೌಸರಿನಲ್ಲಿ ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುತ್ತಿತ್ತು. ಸಂಘದ ಉತ್ಸಾಹಿ ತರುಣರೊಬ್ಬರು ತಂತ್ರಾಂಶದಲ್ಲಿ ಒಂದೇ ಸಾಲು ಸೇರಿಸಿ, ಪರಿಶೀಲನೆಯನ್ನೇ ನಿಲ್ಲಿಸಿಬಿಟ್ಟರು. ಹಣ ಬರತೊಡಗಿತು. ಕಾರ್ಯಕಾರಿ ಸಮಿತಿ ಚಪ್ಪಾಳೆ ತಟ್ಟಿತು. ಭಿನ್ನಮತ ನನ್ನೊಬ್ಬನದೇ ಆಗಿತ್ತು.

ಡಿಜಿಟಲ್ ಪ್ರಮಾಣಪತ್ರವೂ ಒಂದು ಪರಿಚಯಪತ್ರವೇ. 'ಈ ವಿಳಾಸದ ಸರ್ವರ್ ಇವರದೇ' ಎಂದು ಪ್ರಮಾಣೀಕರಿಸುವ ಸಂಸ್ಥೆಯೊಂದು ಸಹಿ ಹಾಕುತ್ತದೆ. ಆ ಸಂಸ್ಥೆಗೆ ಮೂಲಸಂಸ್ಥೆಯೊಂದು ಸಹಿ ಹಾಕಿರುತ್ತದೆ. ನಮ್ಮ ಯಂತ್ರ ಮೊದಲೇ ಬಲ್ಲದ್ದು ಮೂಲಸಂಸ್ಥೆಗಳನ್ನು ಮಾತ್ರ. ನಡುವಿನ ಪತ್ರವನ್ನು ಸರ್ವರೇ ಜೊತೆಗೆ ಕಳುಹಿಸಬೇಕು. ಓಪನ್‌ಎಸ್‌ಎಸ್‌ಎಲ್ ಎಂಬ ಉಪಕರಣದಿಂದ ಸರ್ವರ್ ಕಳುಹಿಸುವ ಸರಪಳಿಯನ್ನು ತೆರೆದು ನೋಡಿದಾಗ ರೋಗ ಪತ್ತೆಯಾಯಿತು. ಪಾವತಿ ಸಂಸ್ಥೆಯವರು ಪ್ರಮಾಣಪತ್ರವನ್ನು ನವೀಕರಿಸುವಾಗ ನಡುವಿನ ಪತ್ರ ಸೇರಿಸುವುದನ್ನು ಮರೆತಿದ್ದರು. ಬ್ರೌಸರುಗಳು ಇಂಥ ಕೊರತೆಯನ್ನು ಎಷ್ಟೋ ವೇಳೆ ತಾವೇ ತುಂಬಿಕೊಳ್ಳುತ್ತವೆ. ನಮ್ಮಂಥ ಬಡ ತಂತ್ರಾಂಶಗಳಿಗೆ ಆ ಜಾಣ್ಮೆ ಇರುವುದಿಲ್ಲ. ವಕೀಲರ ಪತ್ರ ರೈಲಿನಲ್ಲೇ ಉಳಿದಿತ್ತು, ಅಷ್ಟೆ. ನಾವು ಬರೆದು ತಿಳಿಸಿದ ಮೇಲೆ ಎರಡು ದಿನಗಳಲ್ಲಿ ಅವರು ಸರಿಪಡಿಸಿದರು.

'ಎರಡು ದಿನಕ್ಕಾಗಿ ಇಷ್ಟು ರಂಪವೇಕೆ?' ಎಂದು ಮಿತ್ರರು ಕೇಳಿದರು. ಪರಿಶೀಲನೆ ನಿಲ್ಲಿಸಿದರೂ ಸಂದೇಶ ಗುಪ್ತಲಿಪಿಯಲ್ಲೇ ಹೋಗುತ್ತದೆಂಬುದು ನಿಜ. ಆದರೆ ಯಾರ ಕೈಗೆ ಹೋಗುತ್ತದೆ? ಅರಗಿನ ಮುದ್ರೆಯೊತ್ತಿದ ಲಕೋಟೆಯನ್ನು ದಾರಿಹೋಕನಿಗೆ ಒಪ್ಪಿಸಿ, ಮುದ್ರೆ ಭದ್ರವಾಗಿತ್ತೆಂದು ಸಮಾಧಾನಪಟ್ಟಂತೆ ಇದು. ತಾತ್ಕಾಲಿಕವೆಂದು ಸೇರಿಸಿದ ಸಾಲು ಶಾಶ್ವತವಾಗಿ ಉಳಿಯುವುದು ಈ ಕ್ಷೇತ್ರದಲ್ಲಿ ದುಡಿದವರೆಲ್ಲ ಬಲ್ಲ ಸಂಗತಿ.

ಇಂಥ ದೋಷಗಳ ಕಾರಣಗಳು ಹೆಚ್ಚೇನೂ ಇಲ್ಲ. ಯಂತ್ರದ ಗಡಿಯಾರ ತಪ್ಪಿರಬಹುದು. ಪತ್ರದ ಅವಧಿ ಮುಗಿದಿರಬಹುದು. ಪತ್ರದಲ್ಲಿರುವ ಹೆಸರೂ ವಿಳಾಸವೂ ತಾಳೆಯಾಗದಿರಬಹುದು. ಯಂತ್ರದಲ್ಲಿರುವ ಮೂಲಸಂಸ್ಥೆಗಳ ಪಟ್ಟಿ ಹಳತಾಗಿರಬಹುದು: 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆಧರಿಸಿದ್ದ ಹಳೆಯ ಮೂಲಪತ್ರವೊಂದರ ಅವಧಿ ಮುಗಿದಾಗ, ನವೀಕರಣ ಕಾಣದ ಎಷ್ಟೋ ಯಂತ್ರಗಳು ಸುಸ್ಥಿತಿಯ ಜಾಲತಾಣಗಳನ್ನೂ ತಿರಸ್ಕರಿಸಿದವು. ಇವುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಮದ್ದಿದೆ. ಯಾವುದಕ್ಕೂ ಪರಿಶೀಲನೆಯನ್ನು ಕೊಲ್ಲುವುದು ಮದ್ದಲ್ಲ.

ಸಹಿ ಹಾಕುವವರೇ ಎಡವಿದರೆ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದುದು. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿಜಿನೋಟಾರ್ ಸಂಸ್ಥೆಗೆ ಕನ್ನ ಬಿದ್ದು, 500ಕ್ಕೂ ಮಿಕ್ಕಿ ನಕಲಿ ಪತ್ರಗಳು ಹೊರಬಿದ್ದವು; ಗೂಗಲ್ ಹೆಸರಿನ ಪತ್ರವೊಂದು ಇರಾನಿನ ಜನರ ಅಂಚೆಗೆ ಕಳ್ಳಗಣ್ಣಾಯಿತು. ನಮ್ಮಲ್ಲೂ 2014ರ ಜುಲೈಯಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದಿಂದ ಗೂಗಲ್ ವಿಳಾಸಗಳಿಗೆ ಅನಧಿಕೃತ ಪತ್ರಗಳು ಹೊರಟಿದ್ದು ಬೆಳಕಿಗೆ ಬಂದು, ಆ ಕೇಂದ್ರದ ಪ್ರಮಾಣಪತ್ರಗಳನ್ನು ರದ್ದುಪಡಿಸಬೇಕಾಯಿತು. ಆದರೆ ಡಿಜಿನೋಟಾರ್ ವಂಚನೆ ಬಯಲಾದದ್ದು ಹೇಗೆ? ಇರಾನಿನ ಬಳಕೆದಾರರೊಬ್ಬರು ಬ್ರೌಸರ್ ಕೊಟ್ಟ ಎಚ್ಚರಿಕೆಯನ್ನು ತಳ್ಳಿಹಾಕದೆ ವರದಿ ಮಾಡಿದ್ದರಿಂದ. ಅದೇ ಸೆಪ್ಟೆಂಬರಿನಲ್ಲಿ ಆ ಸಂಸ್ಥೆ ದಿವಾಳಿಯಾಯಿತು. ಕಾವಲುಗಾರ ಒಮ್ಮೆ ತೂಕಡಿಸಿದನೆಂದು ಬಾಗಿಲನ್ನೇ ಕಿತ್ತೊಗೆಯುವುದು ವಿವೇಕವಲ್ಲ.

ಈ ಪ್ರಸಂಗಗಳು ಮುಂದೆ ಹೆಚ್ಚಲಿವೆ. ಪ್ರಮಾಣೀಕರಣ ಸಂಸ್ಥೆಗಳೂ ಬ್ರೌಸರ್ ತಯಾರಕರೂ ಸೇರಿ 2025ರ ಏಪ್ರಿಲ್‌ನಲ್ಲಿ ಅಂಗೀಕರಿಸಿದ ನಿರ್ಣಯದಂತೆ, 2029ರ ಮಾರ್ಚ್ 15ರಿಂದ ಜಾಲತಾಣದ ಪತ್ರದ ಗರಿಷ್ಠ ಆಯುಷ್ಯ 47 ದಿನ. ನವೀಕರಣವನ್ನು ಯಂತ್ರಕ್ಕೇ ವಹಿಸದೆ ಗತ್ಯಂತರವಿಲ್ಲ. ಎಲ್ಲಿ ವಹಿಸಿಲ್ಲವೋ ಅಲ್ಲಿ ಸರಪಳಿ ಮತ್ತೆ ಮತ್ತೆ ತುಂಡಾಗುವುದು ಖಚಿತ. ಆಗೆಲ್ಲ ಆ ಒಂದು ಸಾಲಿನ ಆಮಿಷ ಕೈಬೀಸಿ ಕರೆಯುತ್ತದೆ.

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ತಂತ್ರಾಂಶವನ್ನೇ ವೃತ್ತಿಯಾಗಿಸಿಕೊಂಡ ನಮ್ಮ ತರುಣರಿಗೆ ನನ್ನ ಅರಿಕೆ ಇಷ್ಟೇ: ದೂರು ಹೇಳುವ ಯಂತ್ರದ ಬಾಯಿ ಮುಚ್ಚಿಸಬೇಡಿ, ಅದು ಏನು ಹೇಳುತ್ತಿದೆಯೆಂದು ಓದಿ. ನಮ್ಮ ಸಂಘದ ತಂತ್ರಾಂಶದಿಂದ ಆ ಸಾಲನ್ನು ಅದೇ ತರುಣರು ತಮ್ಮ ಕೈಯಾರೆ ತೆಗೆದುಹಾಕಿದರು. ಅದಾಗುವವರೆಗೆ ಸದಸ್ಯರು ಚಂದಾವನ್ನು ಖಜಾಂಚಿಯವರ ಕೈಗೇ ಕೊಟ್ಟು, ರಸೀದಿ ಪಡೆದುಕೊಂಡು ಹೋದರು.