ಮೇಜಿನ ಮೇಲಿನ ಗಣಕ ತೆಳ್ಳಗಾದರೆ ಯಾರಿಗೆ ಲಾಭ?

ಒಯ್ಯುವ ವಸ್ತು ಹಗುರವಾಗಿರಬೇಕು, ಇಟ್ಟಲ್ಲೇ ಇರುವ ವಸ್ತು ಗಟ್ಟಿಯಾಗಿರಬೇಕು. ಈ ವಿವೇಕವನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಲಕ್ಕೆ ಬುತ್ತಿ ಒಯ್ಯುವ ಪಾತ್ರೆ ಹಗುರವಾಗಿತ್ತು. ಬಚ್ಚಲೊಲೆಯ ಮೇಲೆ ಕೂರುವ ಹಂಡೆ ದಪ್ಪವಾಗಿತ್ತು. ಹಂಡೆಯನ್ನು ಕಾಗದದಷ್ಟು ತೆಳ್ಳಗೆ ಬಡಿದುಕೊಡು ಎಂದು ಕಂಚುಗಾರನನ್ನು ಕೇಳಿದವರಿಲ್ಲ. ಆದರೆ ಇಂದು ಮೇಜಿನ ಮೇಲೆ ಸ್ಥಾವರವಾಗಿ ಕೂರುವ ಗಣಕಯಂತ್ರವನ್ನು ಕೊಳ್ಳಲು ಹೋದರೆ ಅಂಗಡಿಯಾತ ಹೇಳುವ ಮೊದಲ ಮಾತೇ, “ಸರ್, ಎಷ್ಟು ಸ್ಲಿಮ್ ಇದೆ ನೋಡಿ” ಎಂಬುದು. ನಾನು ಕೇಳುವುದಿಷ್ಟೇ: ಅದು ಸ್ಲಿಮ್ ಆಗಿದ್ದರೆ ನನಗೇನಾಗಬೇಕು? ಅದನ್ನು ನಾನು ಹೆಗಲಿಗೆ ಹಾಕಿಕೊಂಡು ಓಡಾಡುತ್ತೇನೆಯೇ?

ಆಲ್‌ಇನ್‌ಒನ್ ಎಂಬ ಹೆಸರಿನ ಈ ಯಂತ್ರವನ್ನು ಅರಿಯದವರಿಗಾಗಿ ಎರಡು ಮಾತು. ಹಳೆಯ ಡೆಸ್ಕ್‌ಟಾಪಿನಲ್ಲಿ ಗಣಕದ ಡಬ್ಬ ಬೇರೆ, ತೆರೆ ಬೇರೆ. ಆಲ್‌ಇನ್‌ಒನ್‌ನಲ್ಲಿ ಡಬ್ಬದೊಳಗಿನ ಸಮಸ್ತವೂ ತೆರೆಯ ಬೆನ್ನಿಗೆ ಸೇರಿಕೊಂಡಿರುತ್ತದೆ. ತಂತಿಗಳು ಕಡಿಮೆ, ಜಾಗ ಕಡಿಮೆ, ಧೂಳು ಒರೆಸುವುದು ಸುಲಭ. ಬ್ಯಾಂಕಿನ ಕೌಂಟರಿನಲ್ಲೋ, ಗ್ರಂಥಾಲಯದ ಪುಸ್ತಕ ಕೊಡುವ ಮೇಜಿನ ಮೇಲೋ ಇದು ಒಪ್ಪುವ ವಸ್ತುವೇ ಸರಿ. ಒಂದಾಗಿರುವುದರ ಬಗ್ಗೆ ನನ್ನ ಜಗಳವಿಲ್ಲ. ನನ್ನ ಜಗಳವಿರುವುದು ಅದನ್ನು ತೆಳ್ಳಗೆ ಮಾಡುವ ಹುಚ್ಚಿನ ಬಗ್ಗೆ, ಮತ್ತು ಆ ಹುಚ್ಚಿನಲ್ಲಿ ಕೊಳ್ಳುವವನಿಗೆ ನಿಜವಾಗಿ ಬೇಕಾದ ತೆರೆಯ ಗುಣವನ್ನೇ ಮರೆತಿರುವುದರ ಬಗ್ಗೆ.

ಈ ಹುಚ್ಚು ಬೆಳೆದ ಬಗೆಯನ್ನು ತಿಳಿಯಲು ಆಪಲ್ ಸಂಸ್ಥೆಯ ಐಮ್ಯಾಕ್‌ನ ಚರಿತ್ರೆಯನ್ನು ನೋಡಿದರೆ ಸಾಕು. ಉಳಿದವರಲ್ಲಿ ಅನೇಕರು ಅದರ ಹಿಂದೆಯೇ ನಡೆದವರು. 1998ರಲ್ಲಿ ಬಂದ ಮೊದಲ ಐಮ್ಯಾಕ್ ಗುಂಡಗಿನ, ಬಣ್ಣದ, ಗಾಜಿನ ಕೊಳವೆಯ 15 ಇಂಚಿನ ತೆರೆಯ ಯಂತ್ರ. ಎತ್ತಿಡಲು ತಲೆಯ ಮೇಲೊಂದು ಹಿಡಿಕೆಯೂ ಇತ್ತು. 2002ರಲ್ಲಿ ಅರ್ಧಗೋಲದಂಥ ಪೀಠದೊಳಗೆ ಗಣಕವನ್ನಿಟ್ಟು, ಅದರಿಂದ ಮೇಲೆದ್ದ ಲೋಹದ ತೋಳಿನ ತುದಿಗೆ ಚಪ್ಪಟೆ ತೆರೆಯನ್ನು ಸಿಕ್ಕಿಸಿದರು. ತೆರೆಯನ್ನು ಒಂದೇ ಕೈಯಿಂದ ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ತಿರುಗಿಸಬಹುದಾಗಿತ್ತು. ಕುಳಿತವನ ಕಣ್ಣಿಗೆ ಯಂತ್ರ ಬಾಗುತ್ತಿತ್ತೇ ಹೊರತು ಯಂತ್ರಕ್ಕೆ ಕುಳಿತವನ ಕುತ್ತಿಗೆ ಬಾಗಬೇಕಾಗಿರಲಿಲ್ಲ. 2004ರ ಮಾದರಿಯಲ್ಲಿ ಗಣಕ ತೆರೆಯ ಹಿಂದಕ್ಕೆ ಹೋಯಿತು, ದಪ್ಪ ಸುಮಾರು ಎರಡು ಇಂಚಾಯಿತು. ಆಗಲೂ ಕೆಳಗಿನ ತಿರುಪುಗಳನ್ನು ಸಡಿಲಿಸಿದರೆ ಬೆನ್ನಿನ ಮುಚ್ಚಳ ಇಡಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಒಳಗಿನ ಹಲವು ಭಾಗಗಳನ್ನು ಮನೆಯಲ್ಲೇ ಬದಲಿಸಬಹುದಾಗಿತ್ತು.

2012ರಲ್ಲಿ ಅಂಚು 5 ಮಿ.ಮೀ.ಗೆ ಇಳಿಯಿತು. ಅಂಚು ಎಂಬ ಮಾತನ್ನು ಗಮನಿಸಿ. ಯಂತ್ರದ ಬೆನ್ನಿನ ನಡುವೆ ಹೊಟ್ಟೆ ಇದ್ದೇ ಇತ್ತು. ಮುಂದಿನಿಂದ ಅಥವಾ ಓರೆಯಾಗಿ ನಿಂತು ನೋಡಿದವರಿಗೆ ಕಾಣುವುದು ಅಂಚು ಮಾತ್ರ. ಈ ಅಂಚಿನ ಸಲುವಾಗಿ ಸಿ.ಡಿ. ಹಾಕುವ ಸಾಧನ ಹೋಯಿತು. ಮುಂದಿನ ಗಾಜನ್ನು ತೆರೆಗೆ ಬೆಸೆದು, ಇಡಿಯ ಜೋಡಿಯನ್ನು ಚೌಕಟ್ಟಿಗೆ ಅಂಟಿನಿಂದ ಅಂಟಿಸಿದರು. 21.5 ಇಂಚಿನ ಮಾದರಿಯಲ್ಲಿ ಮೆಮೊರಿಯನ್ನು ಹೆಚ್ಚಿಸಿಕೊಳ್ಳಬೇಕಾದರೆ ಆ ಅಂಟನ್ನು ಕೊಯ್ದು ತೆರೆಯನ್ನೇ ಎತ್ತಬೇಕಾಯಿತು. 2021ರ 24 ಇಂಚಿನ ಮಾದರಿ 11.5 ಮಿ.ಮೀ. ದಪ್ಪಕ್ಕೆ ಬಂದು ನಿಂತಿತು. ಹೆಡ್‌ಫೋನಿನ ಕಡ್ಡಿ ಅದಕ್ಕಿಂತ ಉದ್ದವಾದುದರಿಂದ ಅದರ ಕಿಂಡಿಯನ್ನು ಬೆನ್ನಿನಲ್ಲಿ ಕೊರೆಯಲಾಗದೆ ಪಕ್ಕಕ್ಕೆ ಕೊರೆದರು. ವಿದ್ಯುತ್ತಿನ ಅಡಾಪ್ಟರನ್ನು ಹೊರಕ್ಕೆ ತಳ್ಳಿದರು. ಈಥರ್ನೆಟ್ ತಂತಿಯ ಕಿಂಡಿಯನ್ನೂ ಅದರ ಮೈಗೇ ಕೂರಿಸಿದರು. ಎಂದರೆ ದಪ್ಪವೇನೂ ಮಾಯವಾಗಲಿಲ್ಲ, ಮೇಜಿನ ಕೆಳಗೆ ಹೋಗಿ ಕುಳಿತಿತು. ಮೆಮೊರಿಯಂತೂ ಮುಖ್ಯ ಚಿಪ್ಪಿನೊಡನೆ ಒಂದಾಗಿಹೋಯಿತು. ಕೊಂಡ ದಿನ ಎಷ್ಟಿತ್ತೋ ಕಡೆಯವರೆಗೂ ಅಷ್ಟೇ.

ಇತರ ಸಂಸ್ಥೆಗಳ ವಿಂಡೋಸ್ ಯಂತ್ರಗಳ ಕಥೆಯೂ ಬೇರೆಯಲ್ಲ. ತೆಳು ಮೈಯೊಳಗೆ ಶಾಖ ಹೊರಹೋಗಲು ಎಡೆಯಿಲ್ಲವಾದ್ದರಿಂದ ಅವುಗಳಲ್ಲಿ ಬಹಳಷ್ಟಕ್ಕೆ ಲ್ಯಾಪ್‌ಟಾಪಿನ ಕಡಿಮೆ ಶಕ್ತಿಯ ಪ್ರೊಸೆಸರನ್ನೇ ಹಾಕುತ್ತಾರೆ. ಹಾಗಾದರೆ ಇದು ಲ್ಯಾಪ್‌ಟಾಪೇ ಎಂದರೆ, ಅಲ್ಲ, ಬ್ಯಾಟರಿಯಿಲ್ಲ. ಕರೆಂಟು ಹೋದ ಕ್ಷಣಕ್ಕೆ ಯು.ಪಿ.ಎಸ್. ಇಲ್ಲದಿದ್ದರೆ ಬರೆದದ್ದೂ ಹೋಗುತ್ತದೆ. ಲ್ಯಾಪ್‌ಟಾಪಿನ ಮಿತಿಗಳೆಲ್ಲ ಬಂದವು, ಅದರ ಒಂದು ದೊಡ್ಡ ಸೌಕರ್ಯ ಮಾತ್ರ ಬರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು.

ಇನ್ನು ತೆರೆಯ ವಿಚಾರ. ದಶಕಗಳ ಕಾಲ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನಾದ್ದರಿಂದ ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಅಂಗಡಿಯಲ್ಲಿ ತೆರೆಯನ್ನು ಇಂಚಿನ ಲೆಕ್ಕದಲ್ಲಿ ಮಾರುತ್ತಾರೆ. 24ಕ್ಕಿಂತ 27 ದೊಡ್ಡದು, ಆದ್ದರಿಂದ ಒಳ್ಳೆಯದು ಎಂಬುದು ಅವರ ತರ್ಕ. ಆದರೆ ಆ ತೆರೆಯಲ್ಲಿ ಎಷ್ಟು ಚುಕ್ಕಿಗಳಿವೆ, ಅಂದರೆ ಪಿಕ್ಸೆಲ್‌ಗಳಿವೆ, ಎಂಬುದನ್ನು ನಾವಾಗಿ ಕೇಳಿದ ಹೊರತು ಹೇಳುವವರು ವಿರಳ. ಫುಲ್ ಎಚ್.ಡಿ. ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ತೆರೆ ಎಷ್ಟೇ ದೊಡ್ಡದಾದರೂ ಸಂಖ್ಯೆ ಅಷ್ಟೇ. 23.8 ಇಂಚಿನ ತೆರೆಯಲ್ಲಿ ಒಂದು ಇಂಚಿಗೆ ಸುಮಾರು 93 ಚುಕ್ಕಿಗಳು ಬಂದರೆ 27 ಇಂಚಿನ ತೆರೆಯಲ್ಲಿ 82 ಮಾತ್ರ. ಹೆಚ್ಚು ಹಣ ಕೊಟ್ಟು ದೊಡ್ಡದನ್ನು ತಂದವನಿಗೆ ಸಿಕ್ಕಿದ್ದು ಒರಟಾದ ಅಕ್ಷರ! ಈಗ ಹೇಳಿದ 2021ರ ಐಮ್ಯಾಕ್‌ನಲ್ಲಿ 4480 ಮತ್ತು 2520 ಚುಕ್ಕಿಗಳು, ಇಂಚಿಗೆ 218. ಈ ಒಂದು ಗುಣಕ್ಕೆ ಅದನ್ನು ಮೆಚ್ಚಲೇಬೇಕು.

ಇಂಗ್ಲಿಷ್ ಓದುವವನಿಗೆ 82 ಚುಕ್ಕಿಗಳು ಹೇಗೋ ಸಾಕಾದಾವು. ಕನ್ನಡ ಓದುವವನಿಗೆ ಸಾಲವು. ನಮ್ಮ ಲಿಪಿಯಲ್ಲಿ ಅಕ್ಷರದ ಕೆಳಗೆ ಒತ್ತಕ್ಷರ, ಕೆಲವೊಮ್ಮೆ ಅದಕ್ಕೂ ಒಂದು ಒತ್ತು, ಮೇಲೆ ಗುಣಿತದ ಚಿಹ್ನೆ. “ರಾಷ್ಟ್ರ”, “ಸ್ತ್ರೀ” ಎಂಬ ಪದಗಳನ್ನು ನೋಡಿ. ಮೂರು ಮಿ.ಮೀ. ಎತ್ತರದ ಮೂಲಾಕ್ಷರಕ್ಕೆ ಇಂಚಿಗೆ 82ರ ತೆರೆಯಲ್ಲಿ ದೊರೆಯುವುದು ಸುಮಾರು ಹತ್ತು ಚುಕ್ಕಿಗಳು. ಅದರ ಅರ್ಧದಷ್ಟಿರುವ ಒತ್ತಕ್ಷರಕ್ಕೆ ಐದೇ ಐದು. 218ರ ತೆರೆಯಲ್ಲಿ ಅದೇ ಮೂಲಾಕ್ಷರಕ್ಕೆ ಇಪ್ಪತ್ತೈದಕ್ಕೂ ಹೆಚ್ಚು ದೊರೆಯುತ್ತವೆ. ದಕಾರಕ್ಕೂ ಧಕಾರಕ್ಕೂ ಇರುವ ಭೇದವೆಂದರೆ ಹೊಟ್ಟೆಯ ಒಂದು ಸೀಳು. ಬಕಾರ-ಭಕಾರ, ಡಕಾರ-ಢಕಾರಗಳದ್ದೂ ಅದೇ ಕಥೆ. “ಬುದ್ಧಿ”ಯ ಒತ್ತಿನಲ್ಲಿರುವ ಆ ಸೀಳು ಐದು ಚುಕ್ಕಿಗಳೊಳಗೆ ಎಲ್ಲಿ ಅಡಗಬೇಕು? ಮಸುಕಾಗಿ “ಬುದ್ದಿ”ಯಾಗುತ್ತದೆ. ಉತ್ತರಪತ್ರಿಕೆಗಳಲ್ಲಿ ಈ ಮಹಾಪ್ರಾಣಗಳಿಗಾಗಿ ಕೆಂಪು ಶಾಯಿ ಸುರಿಸಿದವರು ನಾವು. ತೆರೆಯ ಮೇಲೆಯೇ ಓದು ಕಲಿಯುತ್ತಿರುವ ಇಂದಿನ ಮಗುವಿಗೆ ಮಹಾಪ್ರಾಣ ಕಣ್ಣಿಗೇ ಬೀಳದಿದ್ದರೆ ಅದು ಬರೆಯುವುದಾದರೂ ಹೇಗೆ? ಯಂತ್ರದ ಬೆನ್ನಿನಿಂದ ಹತ್ತು ಮಿ.ಮೀ. ಕಡಿಮೆ ಮಾಡಲು ಪಡುವ ಶ್ರಮದ, ಹಣದ ಒಂದು ಪಾಲನ್ನು ಅಗ್ಗದ ಯಂತ್ರಗಳ ಚುಕ್ಕಿಗಳನ್ನು ಹೆಚ್ಚಿಸಲು ಸುರಿದಿದ್ದರೆ ನಮ್ಮ ಶಾಲೆಗಳಿಗೆ ಉಪಕಾರವಾಗುತ್ತಿತ್ತು.

ಎರಡನೆಯದು ಹೊಳಪು. ನಯವಾದ ಗಾಜಿನ ಒಂದೊಂದು ಮೇಲ್ಮೈಯೂ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡ ನಾಲ್ಕರಷ್ಟನ್ನು ಹಿಂದಿರುಗಿಸುತ್ತದೆ. ಅಂಗಡಿಯ ಹದವಾದ ಬೆಳಕಿನಲ್ಲಿ ಮಿರಮಿರ ಮಿಂಚುವ ತೆರೆ, ಕಿಟಕಿಯೂ ಟ್ಯೂಬ್‌ಲೈಟೂ ಬೆನ್ನ ಹಿಂದಿರುವ ನಮ್ಮ ನಡುಮನೆಗೆ ಬಂದಾಗ ಕನ್ನಡಿಯಾಗುತ್ತದೆ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಐಮ್ಯಾಕ್‌ನಲ್ಲಿ ಪ್ರತಿಬಿಂಬವನ್ನು ತಗ್ಗಿಸುವ ಗಾಜನ್ನೂ ಕೊಡುತ್ತಾರೆ, ಆದರೆ ಹೆಚ್ಚುವರಿ ಹಣಕ್ಕೆ. ಮೊದಲು ಹೊಳಪನ್ನು ಮಾರಿ, ಆಮೇಲೆ ಹೊಳಪಿನ ನಿವಾರಣೆಯನ್ನು ಮಾರುವ ವ್ಯಾಪಾರವಿದು.

ಮೂರನೆಯದು ಎತ್ತರ. ತೆರೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಬೇಕು, ಒಂದು ತೋಳಿನಷ್ಟು ದೂರವಿರಬೇಕು ಎಂಬುದು ತಜ್ಞರ ಸಾಮಾನ್ಯ ಸಲಹೆ. ನನ್ನಂತೆ ಬೈಫೋಕಲ್ ಕನ್ನಡಕ ಹಾಕುವವರಿಗೆ ತೆರೆ ಇನ್ನೂ ಕೆಳಗಿರಬೇಕು. ಇಲ್ಲವಾದರೆ ಕೆಳಭಾಗದ ಗಾಜಿನಿಂದ ಓದಲು ಗದ್ದವನ್ನೆತ್ತಿ ಕುಳಿತು ಸಂಜೆಗೆ ಕುತ್ತಿಗೆ ನೋವು ತಂದುಕೊಳ್ಳುತ್ತೇವೆ. ಹತ್ತು ವರ್ಷದ ಮೊಮ್ಮಗಳೂ ಅರವತ್ತು ದಾಟಿದ ತಾತನೂ ಒಂದೇ ಯಂತ್ರದ ಮುಂದೆ ಕೂರುವ ಮನೆಗಳಲ್ಲಿ ತೆರೆ ಏರಿಳಿಯಲೇಬೇಕು. ಆದರೆ ಈ ತೆಳು ಯಂತ್ರಗಳಲ್ಲಿ ಹೆಚ್ಚಿನವು ಮುಂದೆ ಹಿಂದೆ ಓರೆಯಾಗುತ್ತವೆಯೇ ವಿನಾ ಏರಿಳಿಯುವುದಿಲ್ಲ. 2002ರಲ್ಲಿ ಯಂತ್ರದ ಜೊತೆಗೇ ಬಂದಿದ್ದ ಸೌಕರ್ಯ, 2022ರ ಮಾರ್ಚಿಯಲ್ಲಿ ಅದೇ ಸಂಸ್ಥೆ ತಂದ ಸ್ಟುಡಿಯೊ ಡಿಸ್‌ಪ್ಲೇ ಎಂಬ ಬಿಡಿ ತೆರೆಯಲ್ಲಿ 400 ಡಾಲರಿನ ಹೆಚ್ಚುವರಿ ಬಾಬತ್ತಾಗಿತ್ತು. ಪ್ರಗತಿಯೆಂದರೆ ಇದೆಯೇ?

ಇವೆಲ್ಲವನ್ನೂ ಸಹಿಸಬಹುದು, ಸಹಿಸಲಾಗದ್ದು ವ್ಯರ್ಥ. ಗಣಕದ ಆಯುಷ್ಯವೂ ತೆರೆಯ ಆಯುಷ್ಯವೂ ಒಂದೇ ಅಲ್ಲ. 2014ರ ಅಕ್ಟೋಬರಿನಲ್ಲಿ ಬಂದ 27 ಇಂಚಿನ ಐಮ್ಯಾಕ್‌ನ ತೆರೆಯಲ್ಲಿ 5120 ಮತ್ತು 2880ರ ಲೆಕ್ಕದಲ್ಲಿ ಸುಮಾರು 1.47 ಕೋಟಿ ಚುಕ್ಕಿಗಳಿದ್ದವು. 2021ರಲ್ಲಿ ಬಂದ ಮಾಂಟೆರೆ ಎಂಬ ಕಾರ್ಯಾಚರಣ ವ್ಯವಸ್ಥೆ ಆ ಯಂತ್ರಕ್ಕೆ ಇಲ್ಲವೆಂದಾಯಿತು. ಏಳು ವರ್ಷಕ್ಕೆ ಗಣಕ ಮುದಿಯಾಯಿತು. ತೆರೆಗೇನಾಗಿತ್ತು? ಏನೂ ಆಗಿರಲಿಲ್ಲ. ಆದರೆ ಅದನ್ನು ಬೇರೊಂದು ಗಣಕಕ್ಕೆ ಬರೀ ತೆರೆಯಾಗಿ ಜೋಡಿಸಿಕೊಳ್ಳುವಂತಿಲ್ಲ. 2009ರಿಂದ ಕೆಲವು ಐಮ್ಯಾಕ್‌ಗಳಲ್ಲಿದ್ದ ಆ ಸೌಲಭ್ಯವನ್ನು ಈ ಮಾದರಿಯಲ್ಲಿ ಕೈಬಿಡಲಾಗಿತ್ತು. ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಬೇರೊಂದು ಕಂಪನಿಯ ಆಲ್‌ಇನ್‌ಒನ್ ಮದರ್‌ಬೋರ್ಡ್ ಸತ್ತು ನಿಂತಿದೆ. ತೆರೆಯ ಮೇಲೆ ಒಂದು ಗೀರೂ ಇಲ್ಲ. ರಿಪೇರಿಗೆ ಹೇಳಿದ ಬೆಲೆಗೆ ಹೊಸ ಯಂತ್ರವೇ ಬರುವಂತಿತ್ತು. ಈಗ ಅದಕ್ಕೆ ಕಸೂತಿ ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟಿದ್ದಾರೆ.

ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಹೆಸರಾದದ್ದು ಇದಕ್ಕೆ ವಿರುದ್ಧವಾದ ಧರ್ಮದಿಂದ. ಡಬ್ಬದ ಗಣಕದಲ್ಲಿ ಮೆಮೊರಿ ಹೋದರೆ ಮೆಮೊರಿ, ಫ್ಯಾನು ಹೋದರೆ ಫ್ಯಾನು. ಕೆಟ್ಟದ್ದನ್ನು ಮಾತ್ರ ತೆಗೆದು ಹೊಸದನ್ನು ಹಾಕುವ ಕೈಗಳು ಅಲ್ಲಿ ಇಕ್ಕಟ್ಟಿನ ಅಂಗಡಿಗಳಲ್ಲಿ ಬದುಕು ಕಟ್ಟಿಕೊಂಡವು. ಅಂಟು ಹಾಕಿ ಮುಚ್ಚಿದ ಯಂತ್ರ ಆ ಕೈಗಳ ಕಸುಬನ್ನೂ ಕಸಿಯುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ರಚಿಸಿತು. ಹೊಸ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಒಳ್ಳೆಯದೇ. ಆದರೆ ಕಸವಾದ ಮೇಲೆ ಕಸವನ್ನು ಹೇಗೆ ವಿಲೇವಾರಿ ಮಾಡಬೇಕೆಂದು ಯೋಚಿಸುವುದಕ್ಕಿಂತ ಕಸವಾಗದಂತೆ ಮಾಡುವುದು ಮೇಲಲ್ಲವೇ?

ಕೆಲವರು ಹೇಳುತ್ತಾರೆ: “ಮೇಷ್ಟ್ರೇ, ಜನಕ್ಕೆ ಚಂದ ಬೇಕು, ಕಂಪನಿ ಕೊಡುತ್ತದೆ.” ಚಂದ ಬೇಡವೆಂದವರು ಯಾರು? ಚಂದಕ್ಕೂ ಬಾಳಿಕೆಗೂ ವೈರವಿಲ್ಲ. ಲೆನೊವೊ ಸಂಸ್ಥೆಯ ಟೈನಿ-ಇನ್-ಒನ್‌ನಲ್ಲಿ ಪುಸ್ತಕದಷ್ಟು ಚಿಕ್ಕ ಗಣಕವನ್ನು ತೆರೆಯ ಬೆನ್ನಿಗೆ ಜಾರಿಸಿ ಕೂರಿಸುತ್ತಾರೆ. ಗಣಕ ಹಳತಾದರೆ ಅದನ್ನಷ್ಟೇ ಹೊರಗೆಳೆದು ಬೇರೆಯದನ್ನು ಕೂರಿಸಬಹುದು. ಡೆಲ್ ಸಂಸ್ಥೆ 2019ರಲ್ಲಿ ತಂದ ಆಪ್ಟಿಪ್ಲೆಕ್ಸ್ 7070 ಅಲ್ಟ್ರಾದಲ್ಲಿ ಗಣಕವನ್ನು ತೆರೆಯ ಕಂಬದೊಳಗೇ ಅಡಗಿಸಿದ್ದರು. ಮುಂದಿನಿಂದ ನೋಡಿದರೆ ಇವೂ ಒಂದೇ ಯಂತ್ರದಂತೆ ಕಾಣುತ್ತವೆ. ತಂತಿಗಳೂ ಕಡಿಮೆ. ಎರಡು ಅಂಗುಲ ದಪ್ಪವಿದ್ದರೆ ಯಾರ ಗಂಟು ಹೋಯಿತು? ಬೆನ್ನು ಗೋಡೆಯ ಕಡೆಗಿರುತ್ತದೆ, ಅದನ್ನು ನೋಡುವುದು ಹಲ್ಲಿಯೊಂದೇ.

ಆದ್ದರಿಂದ ಓದುಗ ಮಿತ್ರರಲ್ಲಿ, ಅದರಲ್ಲೂ ಶಾಲೆಗಳಿಗೆ ಗಣಕಗಳನ್ನು ದಾನ ನೀಡುವ ಹಳೆಯ ವಿದ್ಯಾರ್ಥಿ ಸಂಘಗಳವರಲ್ಲಿ ನನ್ನ ವಿನಂತಿ. ಅಂಗಡಿಯಾತ ದಪ್ಪದ ಅಳತೆಯನ್ನು ಹೇಳತೊಡಗಿದೊಡನೆ ಅವನನ್ನು ತಡೆದು ಈ ಪ್ರಶ್ನೆಗಳನ್ನು ಕೇಳಿ. ಇಂಚಿಗೆ ಎಷ್ಟು ಚುಕ್ಕಿಗಳಿವೆ? ತೆರೆ ಮಿಂಚುತ್ತದೆಯೋ, ಪ್ರತಿಬಿಂಬ ತೋರಿಸದ ಮ್ಯಾಟ್ ಬಗೆಯದೋ? ಏರಿಳಿಯುತ್ತದೆಯೇ? ಮೆಮೊರಿ ಮತ್ತು ಡಿಸ್ಕನ್ನು ತಿರುಪು ಬಿಚ್ಚಿ ಬದಲಿಸಬಹುದೇ? ಗಣಕ ಕೆಟ್ಟರೆ ಈ ತೆರೆಯನ್ನು ಬೇರೆ ಗಣಕಕ್ಕೆ ಜೋಡಿಸಲು ಎಚ್.ಡಿ.ಎಂ.ಐ. ಇನ್‌ಪುಟ್ ಕಿಂಡಿ ಇದೆಯೇ? ಔಟ್‌ಪುಟ್ ಕಿಂಡಿಯನ್ನು ತೋರಿಸಿ ಇದೆ ಎಂದಾರು, ಎಚ್ಚರ. ಅಲ್ಲಿಯೇ ಕನ್ನಡದ ಒಂದು ಪುಟವನ್ನು ತೆರೆಯಿಸಿ, “ಸಿದ್ಧ”, “ಬುದ್ಧಿ” ಎಂಬ ಪದಗಳಲ್ಲಿ ಧಕಾರದ ಸೀಳು ಕಾಣುತ್ತದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ. ಕಾಣದಿದ್ದರೆ, ಆ ಯಂತ್ರ ಎಷ್ಟೇ ತೆಳ್ಳಗಿರಲಿ, ಹಣ ಕೊಡದೆ ಎದ್ದು ಬನ್ನಿ.