ಗೊಂಬೆಗಳ ಕಾಳಗ: ಆಟವೋ, ಕೊಳ್ಳುವ ಚಟವೋ?

ಗೊಂಬೆಯಾಟವು ಮಕ್ಕಳ ಸೊತ್ತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪದವಿ ತರಗತಿಯಲ್ಲಿ ಓದುವವನು ಹೆಬ್ಬೆರಳುದ್ದದ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕುಳಿತರೆ ಕಂಡವರು ನಗದಿರಲಾರರು. ಆದರೂ 'ಹೀರೋಕ್ಲಿಕ್ಸ್' ಎಂಬ ಗೊಂಬೆ-ಕಾಳಗವನ್ನು ಅಮೆರಿಕದಲ್ಲಿ ಬೆಳೆದವರೂ ಮೇಜಿನ ಸುತ್ತ ಕುಳಿತು ಆಡುತ್ತಾರೆ. ಇದರಲ್ಲಿ ನಿಜವಾದ ಆಟದ ಸುಖವುಂಟೆ, ಅಥವಾ ಇದು ಕೇವಲ ವ್ಯಾಪಾರಿಯ ಜಾಣತನವೆ? ಸ್ವಲ್ಪ ವಿಚಾರಿಸೋಣ.

ಗೊಂಬೆಗಳಿಂದ ಯುದ್ಧವಾಡುವ ಹವ್ಯಾಸ ಇಂದು ನಿನ್ನೆಯದಲ್ಲ. ಆಂಗ್ಲ ಸಾಹಿತಿ ಎಚ್. ಜಿ. ವೆಲ್ಸ್ ಅವರು ೧೯೧೩ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ಬರೆದು, ಆಟಿಕೆಯ ಸಿಪಾಯಿಗಳನ್ನು ಹೂಡಿ ಕಾದಾಡುವ ನಿಯಮಗಳನ್ನು ವಿವರಿಸಿದರು. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಎಷ್ಟೋ ಲೇಸೆಂಬುದು ಅವರ ಮತ. ಮರುವರ್ಷವೇ ಮಹಾಯುದ್ಧ ಸಿಡಿಯಿತು! ಇಂತಹ ಆಟ ಹಿಂಸೆಯನ್ನು ಕಲಿಸುತ್ತದೆಂದು ಆಕ್ಷೇಪಿಸುವವರು ಇದನ್ನು ನೆನೆಯಬೇಕು.

ಹೀರೋಕ್ಲಿಕ್ಸ್ ಹುಟ್ಟಿದ್ದು ೨೦೦೨ರಲ್ಲಿ. ವಿಜ್‌ಕಿಡ್ಸ್ ಎಂಬ ಸಂಸ್ಥೆ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮೊದಲಾದ ಚಿತ್ರಕಥೆಗಳ ವೀರರನ್ನು ಗೊಂಬೆಗಳನ್ನಾಗಿಸಿತು. ಗೊಂಬೆಯ ಪೀಠದೊಳಗೆ ತಿರುಗುವ ಬಿಲ್ಲೆಯೊಂದಿದೆ. ಅದರ ಕಿಂಡಿಯಲ್ಲಿ ನಡೆ, ಆಕ್ರಮಣ, ರಕ್ಷಣೆ, ಪೆಟ್ಟು ಇವುಗಳ ಅಂಕಿಗಳು ಕಾಣುತ್ತವೆ. ಎರಡು ದಾಳಗಳ ಮೊತ್ತಕ್ಕೆ ಆಕ್ರಮಣದ ಅಂಕಿಯನ್ನು ಕೂಡಿಸಿದಾಗ ಎದುರಾಳಿಯ ರಕ್ಷಣೆಯ ಅಂಕಿ ಮುಟ್ಟಿದರೆ ಏಟು ಬಿದ್ದಂತೆ. ಏಟು ತಿಂದ ಗೊಂಬೆಯ ಬಿಲ್ಲೆಯನ್ನು ಅಷ್ಟು ಸಲ 'ಕ್ಲಿಕ್' ಎನಿಸಬೇಕು, ಅಂಕಿಗಳು ಬದಲಾಗುತ್ತವೆ.

ಆಟದ ಸ್ವಾರಸ್ಯವೆಲ್ಲ ಈ ಬಿಲ್ಲೆಯಲ್ಲಿದೆ. ಚದುರಂಗದ ಕುದುರೆ ಸಾಯುವವರೆಗೂ ಪೂರ್ಣ ಕುದುರೆಯೇ, ಅದಕ್ಕೆ ಗಾಯವೆಂಬುದಿಲ್ಲ. ಇಲ್ಲಿಯಾದರೋ ಗಾಯ ಕಣ್ಣಿಗೆ ಕಾಣುತ್ತದೆ. ಎದುರಾಳಿಯ ರಕ್ಷಣೆ ೧೭ ಎನ್ನೋಣ. ನನ್ನ ಆಕ್ರಮಣ ೧೦ ಇದ್ದರೆ ದಾಳಗಳಲ್ಲಿ ೭ ಬಿದ್ದರೆ ಸಾಕು. ೩೬ ಬಗೆಗಳಲ್ಲಿ ೨೧ ನನ್ನ ಪಾಲಿಗೆ. ಒಂದು ಏಟಿನಿಂದ ಆಕ್ರಮಣ ೯ಕ್ಕೆ ಇಳಿದರೆ ಆ ೨೧ ಹದಿನೈದಾಗುತ್ತದೆ. ಕೆಲವು ಗೊಂಬೆಗಳಾದರೋ ಪೆಟ್ಟು ತಿಂದಷ್ಟೂ ಕೆರಳುತ್ತವೆ. ಎಲ್ಲವೂ ದಾಳದ ಅದೃಷ್ಟವಲ್ಲವೆ ಎಂದು ಕೆಲವರು ಕೇಳಬಹುದು. ಅಲ್ಲ. ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾರನ್ನು ಹಿಂದೆಗೆಯಬೇಕು ಎಂಬುದು ಬುದ್ಧಿಯ ಕೆಲಸ. ಒಂದೇ ಗೊಂಬೆಯನ್ನು ಬಿಡುವಿಲ್ಲದೆ ದುಡಿಸಿದರೆ ದಣಿದು ತಾನೇ ಒಂದು ಏಟನ್ನು ಅನುಭವಿಸುವುದೆಂಬ ನಿಯಮ ದುರಾಸೆಗೆ ತಕ್ಕ ಮದ್ದು.

ಹಾಗಾದರೆ ದೋಷವೇ ಇಲ್ಲವೆ? ಇದೆ; ಅದು ಮೇಜಿನ ಮೇಲಲ್ಲ, ಅಂಗಡಿಯಲ್ಲಿ. ಈ ಗೊಂಬೆಗಳನ್ನು ಬಹುಪಾಲು ಮುಚ್ಚಿದ ಪೊಟ್ಟಣಗಳಲ್ಲಿ ಮಾರುತ್ತಾರೆ. ಒಳಗೆ ಯಾವುದಿದೆಯೆಂದು ಕೊಳ್ಳುವವನಿಗೆ ತಿಳಿಯದು. ಕೆಲವನ್ನು ಬೇಕೆಂದೇ ವಿರಳವಾಗಿಸಿದ್ದಾರೆ. ಬಯಸಿದ ಒಂದಕ್ಕಾಗಿ ಬೇಡದ ಹತ್ತನ್ನು ಕೊಳ್ಳಬೇಕು. ಪ್ರತಿ ಗೊಂಬೆಗೂ ಬೆಲೆಯಂಕ ಕಟ್ಟಿ, ಇಬ್ಬರ ಪಡೆಯೂ ೩೦೦ ಅಂಕ ಮೀರಬಾರದೆಂದು ಮಿತಿ ಹಾಕುವುದುಂಟು. ಆದರೆ ನೂರು ಗೊಂಬೆಗಳಿಂದ ಆರಿಸುವವನೂ ಆರರಿಂದ ಆರಿಸುವವನೂ ಸಮಾನರೆ? ಚದುರಂಗದಲ್ಲಿ ಸಿರಿವಂತನಿಗೂ ಬಡವನಿಗೂ ಹದಿನಾರೇ ಕಾಯಿ. ಹಣದ ಚೀಲವೇ ಗೆಲ್ಲುವ ಕಡೆ ಸೋತವನಿಗೆ ಕಲಿಯುವುದೇನೂ ಉಳಿಯದು, ಗೆದ್ದವನಿಗೂ ಅಷ್ಟೆ.

ಇದಕ್ಕೆ ಪರಿಹಾರ ಸುಲಭ. ಇರುವ ಗೊಂಬೆಗಳನ್ನೆಲ್ಲ ನಡುವೆ ಸುರಿದು, ಒಬ್ಬರಾದ ಮೇಲೊಬ್ಬರು ಒಂದೊಂದನ್ನು ಆರಿಸಿಕೊಂಡರಾಯಿತು. ಬಂಧುವೊಬ್ಬರು ಹೊರದೇಶದಿಂದ ತಂದಿದ್ದ ಗೊಂಬೆಗಳನ್ನು ನಮ್ಮ ವಿದ್ಯಾರ್ಥಿನಿಲಯದ ಗೆಳೆಯರು ಹೀಗೆಯೇ ಹಂಚಿಕೊಂಡೆವು. ಒಂದು ಪೊಟ್ಟಣವನ್ನೂ ಕೊಳ್ಳಲಾರದ ಗೆಳೆಯನೇ ಹೆಚ್ಚು ಸಲ ಗೆದ್ದನು.

ವಿಜ್‌ಕಿಡ್ಸ್ ಸಂಸ್ಥೆ ೨೦೦೩ರಲ್ಲಿ ಟಾಪ್ಸ್ ಎಂಬ ಕಂಪೆನಿಯ ಕೈಸೇರಿತು; ೨೦೦೮ರಲ್ಲಿ ಆ ಕಂಪೆನಿ ಅದನ್ನು ಮುಚ್ಚಿತು; ೨೦೦೯ರಲ್ಲಿ ಬೇರೆಯವರು ಕೊಂಡು ಮತ್ತೆ ನಡೆಸಿದರು. ಆ ನಡುವೆ ಆಟಗಾರರ ಕೈಯಲ್ಲಿದ್ದ ಬಿಲ್ಲೆ ತಿರುಗುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆಟ ಆಡುವವರದು, ಮಾರುವವರದಲ್ಲ. ಇಷ್ಟನ್ನು ಮರೆಯದೆ ಆಡುವುದಾದರೆ, ಗೊಂಬೆಗಳ ಕಾಳಗ ಖಂಡಿತವಾಗಿಯೂ ರಸವತ್ತಾದ ಆಟವೆಂಬುದು ನನ್ನ ಅಭಿಪ್ರಾಯ.